ಬೆಳಗಿನ ಜಡಕ್ಕೆ ಹಿತ್ತಲ ಗಿಡವೂ ಮದ್ದು

ಬೆಂಗಳೂರಿನ ದಕ್ಷಿಣ ಭಾಗದ ಬಿಟಿಎಂ ಲೇಔಟಿಗೆ ಆ ಹೆಸರು ಬಂದದ್ದು ಮೂರು ಊರುಗಳಿಂದ. ಬೈರಸಂದ್ರ, ತಾವರೆಕೆರೆ ಮತ್ತು ಮಡಿವಾಳ ಆ ಮೂರು ಊರುಗಳು. ಇಂದು ಮನೆ, ಅಂಗಡಿ, ಕಛೇರಿಗಳಿಂದ ಕಿಕ್ಕಿರಿದಿರುವ ಈ ಬಡಾವಣೆ ಹಿಂದೆ ಹೊಲ, ತೋಟ, ಕೆರೆಗಳ ನೆಲವಾಗಿತ್ತು. ಮಡಿವಾಳದ ಕೆರೆ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ಉಳಿದಿದೆ. ಹೊಲಗಳು ಹೋದ ಮೇಲೆ ಇಲ್ಲಿಯ ಮನೆಗಳಿಗೆ ಬೇಕಾದ ಸೊಪ್ಪು, ತರಕಾರಿ ಸುತ್ತಲಿನ ಹಳ್ಳಿಗಳಿಂದ ಬರಬೇಕಾಗಿದೆ.

ಹೀಗೆ ಸೊಪ್ಪು ಕಳುಹಿಸುವ ಆನೇಕಲ್ ಕಡೆಯ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳೋಣ. ಸಂಜೆ ಗಂಡ ಹೆಂಡತಿ ಇಬ್ಬರೂ ಸೊಪ್ಪು ಕಿತ್ತು, ರಾತ್ರಿ ಹತ್ತರವರೆಗೆ ಕಂತೆ ಕಟ್ಟುತ್ತಾರೆ. ಎರಡು ಮೂರು ಗಂಟೆಗೆ ಎದ್ದು ಗಾಡಿಗೆ ಹೇರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಹೆಂಡತಿಗೆ ಮೈ ಭಾರ, ಕಾಲಿನಲ್ಲಿ ಸೆಳೆತ, ನೀರಿನ ಬಿಂದಿಗೆ ಎತ್ತಿದರೆ ಏದುಸಿರು. ಒಂದು ಲೋಟ ಕಾಫಿ ಕುಡಿದು ಕೆಲಸಕ್ಕೆ ತೊಡಗುತ್ತಾಳೆ. ‘ಇವಳಿಗೆ ಸೋಮಾರಿತನ’ ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಆ ಸೊಪ್ಪು ತಲುಪುವ ಬಿಟಿಎಂ ಲೇಔಟಿನ ಮನೆಯಲ್ಲಿಯೂ ಇದೇ ದೂರು: ರಾತ್ರಿ ಪಾಳಿ ಮುಗಿಸಿದವರಿಗೆ, ನಡುರಾತ್ರಿಯವರೆಗೆ ಮೊಬೈಲು ನೋಡಿದವರಿಗೆ ಬೆಳಿಗ್ಗೆ ಏಳಲು ಆಗುವುದಿಲ್ಲ. ಇಬ್ಬರೂ ಕೇಳುವುದು ಒಂದು ಟಾನಿಕ್.

ಬೆಳಗಿನ ಜಡವೇ ಒಂದು ರೋಗವಲ್ಲ. ಅದು ದೇಹ ಕೊಡುವ ಸೂಚನೆ. ಬೆಳೆ ಹಳದಿಯಾದಾಗ ನೀರು ಹೆಚ್ಚಾಯಿತೋ, ಸಾರಜನಕ ಕಡಿಮೆಯಾಯಿತೋ, ಬೇರಿಗೆ ಹುಳು ಬಿದ್ದಿತೋ ಎಂದು ನೋಡಿಯೇ ರೈತ ಉಪಚಾರ ಮಾಡುತ್ತಾನೆ. ತನ್ನ ಮೈಯ ವಿಷಯದಲ್ಲಿಯೂ ಇದೇ ಕ್ರಮ ಸರಿ.

ಜಡಕ್ಕೆ ಕಾರಣಗಳು

ಸಾಮಾನ್ಯವಾಗಿ ಕಂಡುಬರುವ ಕಾರಣಗಳು ನಾಲ್ಕು. ಮೊದಲನೆಯದು ನಿದ್ರೆಯ ಕೊರತೆ. ಎರಡನೆಯದು ರಾತ್ರಿಯೆಲ್ಲ ನೀರಿಲ್ಲದೆ ಇದ್ದು, ಬೆಳಿಗ್ಗೆಯೂ ಬರೀ ಕಾಫಿ, ಟೀ ಮೇಲೆಯೇ ಹೊತ್ತು ಕಳೆಯುವುದು. ಮೂರನೆಯದು ಸತ್ವವಿಲ್ಲದ ಊಟ. ನಾಲ್ಕನೆಯದು ಹೆಂಗಸರಲ್ಲಿ ಬಹಳವಾಗಿ ಕಂಡುಬರುವ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ರಕ್ತದಲ್ಲಿರುವ ಹಿಮೋಗ್ಲೋಬಿನ್ ದೇಹದ ಎಲ್ಲ ಭಾಗಗಳಿಗೂ ಆಮ್ಲಜನಕವನ್ನು ಒಯ್ಯುತ್ತದೆ. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಇಳಿಯುತ್ತದೆ. ಸ್ವಲ್ಪ ಕೆಲಸಕ್ಕೇ ಆಯಾಸ, ಎದೆ ಬಡಿತ, ತಲೆಸುತ್ತು ತೋರುತ್ತವೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ಉಗುರು ಬಿಳಿಚಿಕೊಳ್ಳುತ್ತವೆ. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕೆಂಬ ಬಯಕೆಯೂ ಇದರ ಒಂದು ಲಕ್ಷಣ. ಒಂದು ಡೆಸಿ ಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಮಹಿಳೆಯರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಒಂದೇ ಊಟ, ಎರಡು ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಮಾಡಿದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿ ಗ್ರಾಂ, ಹೆಂಗಸಿಗೆ 29 ಮಿಲಿ ಗ್ರಾಂ ಕಬ್ಬಿಣ ಬೇಕು. ತಿಂಗಳು ತಿಂಗಳೂ ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹೆಂಗಸಿನ ಅಗತ್ಯ ಹೆಚ್ಚು.

ಈಗ ಊಟದ ಲೆಕ್ಕ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿ ಗ್ರಾಂ ಕಬ್ಬಿಣವಿದೆ. ದಿನಕ್ಕೆ 200 ಗ್ರಾಂ ರಾಗಿಹಿಟ್ಟಿನ ಮುದ್ದೆ ಉಂಡರೆ ಸುಮಾರು 9 ಮಿಲಿ ಗ್ರಾಂ. 100 ಗ್ರಾಂ ಹರಿವೆ ಅಥವಾ ನುಗ್ಗೆ ಸೊಪ್ಪಿನಿಂದ ನಾಲ್ಕೂವರೆ. 50 ಗ್ರಾಂ ಹುರುಳಿಕಾಳಿನಿಂದ ಇನ್ನೂ ನಾಲ್ಕು ಚಿಲ್ಲರೆ. ಒಟ್ಟು ಸುಮಾರು 18 ಮಿಲಿ ಗ್ರಾಂ. ಈ ಊಟ ಗಂಡಸಿಗೆ ಬಹುಮಟ್ಟಿಗೆ ಸಾಕು. ಅಷ್ಟೇ ಉಂಡ ಹೆಂಗಸಿಗೆ ಇನ್ನೂ 11 ಮಿಲಿ ಗ್ರಾಂ ಕೊರತೆ. ಅವಳು ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಉಳಿದ ತಿಳಿಸಾರಿನೊಂದಿಗೆ ಉಣ್ಣುವವಳಾದರೆ ಕೊರತೆ ಮತ್ತೂ ಹೆಚ್ಚು. ರಾಗಿಯ ಬದಲು ಪಾಲಿಷ್ ಮಾಡಿದ ಅಕ್ಕಿಯ ಅನ್ನವೇ ಮುಖ್ಯವಾದ ಮನೆಯಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಅಂಥ ಅಕ್ಕಿಯ 100 ಗ್ರಾಂನಲ್ಲಿ ಇರುವ ಕಬ್ಬಿಣ 1 ಮಿಲಿ ಗ್ರಾಂಗಿಂತ ಕಡಿಮೆ. ಬೆಳಗಿನ ಆಯಾಸವನ್ನು ಸೋಮಾರಿತನ ಎನ್ನುವ ಮುನ್ನ ಮನೆಯವರು ಈ ಲೆಕ್ಕ ಹಾಕಬೇಕು.

ರಾಗಿಯನ್ನು ಬಳಸುವ ಬಗೆ

ಬೆಂಗಳೂರು ಸೀಮೆಗೆ ರಾಗಿ ಹೊಸದಲ್ಲ. ಭಾರತದ ಮತ್ತು ಆಫ್ರಿಕದ ತಳಿಗಳನ್ನು ಸಂಕರಿಸಿ ಡಾ. ಸಿ. ಎಚ್. ಲಕ್ಷ್ಮಣಯ್ಯನವರು ರೂಪಿಸಿದ ‘ಇಂಡಾಫ್’ ತಳಿಗಳು ಈ ಬೆಳೆಯ ಇಳುವರಿಯನ್ನೇ ಬದಲಿಸಿದವು. ಕಬ್ಬಿಣದ ಜೊತೆಗೆ ಮೂಳೆಗೆ ಬೇಕಾದ ಸುಣ್ಣದ ಅಂಶವೂ ರಾಗಿಯಲ್ಲಿ ಧಾರಾಳ. 100 ಗ್ರಾಂಗೆ ಸುಮಾರು 350 ಮಿಲಿ ಗ್ರಾಂ.

ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಹತ್ತಲು ಬಿಡುವುದಿಲ್ಲ. ಕಾಳನ್ನು ಮೊಳಕೆ ಕಟ್ಟಿದರೆ ಅಥವಾ ಹಿಟ್ಟನ್ನು ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ.

ಮೊಳಕೆ ರಾಗಿಯ ಹಿಟ್ಟು: ಕಲ್ಲು ಕಸ ತೆಗೆದು ತೊಳೆದ ರಾಗಿಯನ್ನು ಒಂದು ರಾತ್ರಿ ನೆನೆಹಾಕಬೇಕು. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಬೇಕು. ಒಂದರಿಂದ ಎರಡು ದಿನಗಳಲ್ಲಿ ಮೊಳಕೆ ಬರುತ್ತದೆ. ಬೂಷ್ಟು ಬಂದರೆ ಅಥವಾ ಕೆಟ್ಟ ವಾಸನೆಯಾದರೆ ಬಳಸಬಾರದು. ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆ ತೆಗೆದು, ಹದವಾಗಿ ಹುರಿದು ಬೀಸಿಸಬೇಕು. ಈ ಹಿಟ್ಟಿನ ಗಂಜಿ ತೆಳುವಾಗಿರುವುದರಿಂದ ಒಂದೇ ಲೋಟದಲ್ಲಿ ಹೆಚ್ಚು ಹಿಟ್ಟು ಸೇರುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಇದು ಒಳ್ಳೆಯದು.

ರಾಗಿ ಅಂಬಲಿ: ರಾಗಿಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿಯಿಡೀ ಮುಚ್ಚಿಟ್ಟರೆ ಹುಳಿ ಬರುತ್ತದೆ. ಬೆಳಿಗ್ಗೆ ಗಂಟಾಗದಂತೆ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕುಡಿಯಬೇಕು. ರಾತ್ರಿಯ ಬಾಯಾರಿಕೆಯೂ ಬೆಳಗಿನ ಹಸಿವೂ ಇದರಿಂದ ನೀಗುತ್ತವೆ. ಮಾರುಕಟ್ಟೆಗೆ ಹೋಗುವವರು ಬಾಟಲಿಯಲ್ಲಿ ಒಯ್ಯಬಹುದು.

ಸೊಪ್ಪು, ನಿಂಬೆ ಮತ್ತು ಕಾಫಿ

ಸಸ್ಯಾಹಾರದಲ್ಲಿರುವ ಕಬ್ಬಿಣದಲ್ಲಿ ದೇಹಕ್ಕೆ ಹತ್ತುವುದು ಸ್ವಲ್ಪ ಪಾಲು ಮಾತ್ರ. ಆ ಪಾಲನ್ನು ಹೆಚ್ಚಿಸುವುದು ‘ಸಿ’ ಜೀವಸತ್ವ. ಸೊಪ್ಪಿನ ಪಲ್ಯ, ಬಸ್ಸಾರು, ಹುರುಳಿ ಸಾರಿನ ಮೇಲೆ ಬಡಿಸುವಾಗ ಅರ್ಧ ನಿಂಬೆಹಣ್ಣು ಹಿಂಡುವುದು ಅತಿ ಸುಲಭದ ಉಪಾಯ. ಕುದಿಯುವಾಗ ಹಿಂಡಿದರೆ ಆ ಜೀವಸತ್ವ ನಾಶವಾಗುತ್ತದೆ. ಊಟದ ಜೊತೆ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿಂದರೂ ಇದೇ ಫಲ. ಬಸ್ಸಾರಿನಲ್ಲಿ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸುವುದು ಹಿರಿಯರ ಜಾಣತನ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿದ ಅಡುಗೆ ಮಾಡಿದರೆ ಪಾತ್ರೆಯಿಂದಲೂ ಒಂದಿಷ್ಟು ಕಬ್ಬಿಣ ಸೇರುತ್ತದೆ. ಮಾಂಸಾಹಾರಿಗಳಿಗೆ ಮಾಂಸ, ಮೀನುಗಳಲ್ಲಿರುವ ಕಬ್ಬಿಣ ಸುಲಭವಾಗಿ ಹತ್ತುತ್ತದೆ.

ಇದಕ್ಕೆ ಅಡ್ಡಿ ಮಾಡುವುವು ಕಾಫಿ ಮತ್ತು ಟೀ. ಅವುಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಬಿಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಇವನ್ನು ಕುಡಿಯದಿರುವುದು ಲೇಸು. ಸಂಜೆಯ ಮೇಲೆ ಕುಡಿದ ಕಾಫಿ ರಾತ್ರಿಯ ನಿದ್ರೆಯನ್ನೂ ಕೆಡಿಸುತ್ತದೆ. ಆ ನಿದ್ರೆಗೇಡಿನ ಜಡಕ್ಕೆ ಬೆಳಿಗ್ಗೆ ಮತ್ತೆ ಕಾಫಿ ಎಂಬುದು ಸಾಲ ತೀರಿಸಲು ಸಾಲ ಮಾಡಿದಂತೆ.

ಬೀಟ್‌ರೂಟ್ ಕೆಂಪಗಿರುವುದರಿಂದ ರಕ್ತ ಹೆಚ್ಚುತ್ತದೆಂಬ ನಂಬಿಕೆಯಿದೆ. ಅದರ 100 ಗ್ರಾಂನಲ್ಲಿರುವ ಕಬ್ಬಿಣ 1 ಮಿಲಿ ಗ್ರಾಂಗಿಂತ ಕಡಿಮೆ. ದುಡ್ಡು ಕೊಟ್ಟು ತಂದ ಬೀಟ್‌ರೂಟಿಗಿಂತ ಹಿತ್ತಲಿನ ಹರಿವೆ ಸೊಪ್ಪೇ ಮೇಲು.

ನಿದ್ರೆಯ ವ್ಯವಸ್ಥೆ

ವಯಸ್ಕರಿಗೆ ದಿನಕ್ಕೆ ಏಳು ಗಂಟೆಗಳಷ್ಟಾದರೂ ನಿದ್ರೆ ಬೇಕು. ಮಾರುಕಟ್ಟೆಗೆ ನಸುಕಿನಲ್ಲಿ ಹೋಗುವವರಿಗೆ ಇದು ಒಂದೇ ಸಲ ಸಿಗುವುದು ಕಷ್ಟ. ಸೊಪ್ಪು ಕೀಳುವ ಕೆಲಸವನ್ನು ಒಂದೆರಡು ಗಂಟೆ ಮೊದಲೇ ಆರಂಭಿಸಿ, ಕತ್ತಲಾಗುವುದರೊಳಗೆ ಕಂತೆ ಕಟ್ಟಿ, ಒದ್ದೆ ಗೋಣಿಯಿಂದ ಮುಚ್ಚಿ ನೆರಳಿನಲ್ಲಿಟ್ಟರೆ ಬೇಗ ಮಲಗಬಹುದು. ಅಕ್ಕಪಕ್ಕದ ಮೂರು ನಾಲ್ಕು ರೈತರು ಸೇರಿ ಒಂದೇ ವಾಹನ ಗೊತ್ತುಮಾಡಿಕೊಂಡು, ಸರದಿಯ ಮೇಲೆ ಒಬ್ಬೊಬ್ಬರೇ ಹೋದರೆ ಉಳಿದವರಿಗೆ ಪೂರ್ತಿ ನಿದ್ರೆ, ಬಾಡಿಗೆಯೂ ಉಳಿತಾಯ. ಹೋಗಿಬಂದವರು ಹಗಲು ಕತ್ತಲೆ ಕೋಣೆಯಲ್ಲಿ ಮಲಗಿ ಬಾಕಿ ನಿದ್ರೆ ತುಂಬಿಕೊಳ್ಳಬೇಕು. ನಿದ್ರೆಗೆಟ್ಟು ವಾಹನ ನಡೆಸುವುದು ಪ್ರಾಣಕ್ಕೇ ಅಪಾಯ.

ನಗರದವರು ಮಲಗುವ ಒಂದು ಗಂಟೆ ಮುಂಚೆ ಮೊಬೈಲು ದೂರವಿಟ್ಟು, ದಿನವೂ ಒಂದೇ ಹೊತ್ತಿಗೆ ಮಲಗಿ ಏಳುವುದು ಒಳ್ಳೆಯದು. ಎದ್ದೊಡನೆ ನೀರು ಕುಡಿದು, ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆದರೆ ಜಡ ಹರಿಯುತ್ತದೆ.

ಮಾರುವ ಮೊದಲು ಮನೆಗೊಂದು ಪಾಲು

ಮಾರಾಟಕ್ಕೆ ಸೊಪ್ಪು ಬೆಳೆಯುವ ಮನೆಯ ತಟ್ಟೆಯಲ್ಲಿಯೇ ಸೊಪ್ಪಿಲ್ಲದಿರುವುದು ವಿಷಾದದ ಸಂಗತಿ. ಮನೆಗೆಂದೇ ಎರಡು ಚಿಕ್ಕ ಮಡಿಗಳನ್ನು ಮೀಸಲಿಡಬೇಕು. ಒಂದರಲ್ಲಿ ಹರಿವೆ ಬಿತ್ತಿ, ಹದಿನೈದು ದಿನಗಳ ನಂತರ ಇನ್ನೊಂದರಲ್ಲಿ ಬಿತ್ತಬೇಕು. ಬಿತ್ತಿದ 25-30 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುವುದರಿಂದ ಮನೆಗೆ ಸೊಪ್ಪು ತಪ್ಪುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಬೇಲಿಯ ಬಳಿ ಒಂದು ನಿಂಬೆ, ಒಂದು ಸೀಬೆ ಗಿಡ ಸಾಕು. ಈ ಮಡಿಗಳಿಗೆ ಕೀಟನಾಶಕ ಸಿಂಪಡಿಸಬಾರದು. ಚರಂಡಿಯ ನೀರನ್ನು ಹಾಯಿಸಬಾರದು. ಹಿತ್ತಲಿಲ್ಲದ ಬಿಟಿಎಂ ಲೇಔಟಿನ ಮನೆಯವರು ತಾರಸಿಯ ಮೇಲೆ, ಬಿಸಿಲು ಬೀಳುವ ಕಡೆ, ಕುಂಡಗಳಲ್ಲಿ ಹರಿವೆ, ಮೆಂತ್ಯ ಬೆಳೆಯಬಹುದು.

ಹಿತ್ತಲ ಗಿಡ ಸಾಲದೆ ಬಂದಾಗ

ರಕ್ತಹೀನತೆ ಒಮ್ಮೆ ಬೇರೂರಿದ ಮೇಲೆ ಆಹಾರವೊಂದರಿಂದಲೇ ಅದು ಬೇಗ ಸರಿಹೋಗುವುದಿಲ್ಲ. ಎರಡು ಮೂರು ವಾರ ಚೆನ್ನಾಗಿ ಉಂಡು ಮಲಗಿದರೂ ಆಯಾಸ ಹೋಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ನಗರದ ‘ನಮ್ಮ ಕ್ಲಿನಿಕ್’ನಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಬಿಳಿಚಿಕೊಂಡವರು, ಏದುಸಿರು ಬರುವವರು ಅಷ್ಟು ದಿನವೂ ಕಾಯಬಾರದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಡುವೆ ನಿಲ್ಲಿಸಬಾರದು. ಅದರಿಂದ ಮಲ ಕಪ್ಪಾಗುವುದು ಸಹಜ. ಗರ್ಭಿಣಿಯರು 180 ದಿನ ಈ ಮಾತ್ರೆ ಸೇವಿಸಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡುವವರ ಅಂಗಾಲಿನಿಂದ ಒಳಸೇರುವ ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ. ಚಪ್ಪಲಿ, ಶೌಚಾಲಯದ ಬಳಕೆ ಮತ್ತು ವೈದ್ಯರು ಹೇಳಿದ ಜಂತುಹುಳುವಿನ ಮಾತ್ರೆ ಇದಕ್ಕೆ ಪರಿಹಾರ. ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆ, ಮನಸ್ಸಿನ ಖಿನ್ನತೆಗಳೂ ಬೆಳಗಿನ ಜಡವಾಗಿಯೇ ತೋರಬಹುದು. ಎರಡು ವಾರಕ್ಕೂ ಮೀರಿದ ಕೆಮ್ಮು, ತೂಕ ಇಳಿಯುವುದು, ಮುಟ್ಟಿನಲ್ಲಿ ವಿಪರೀತ ಸ್ರಾವ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೀಟನಾಶಕ ಸಿಂಪಡಿಸಿದ ನಂತರ ತಲೆನೋವು, ವಾಕರಿಕೆ, ಅತಿಯಾದ ಬೆವರು, ನಿಶ್ಶಕ್ತಿ ಬಂದರೆ ಆಗಿಂದಾಗ್ಗೆ ಔಷಧಿಯ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಹೋಗಬೇಕು.

ಹಿತ್ತಲ ಗಿಡ ಮದ್ದಲ್ಲ ಎಂಬುದು ಗಾದೆ. ರಾಗಿ, ಸೊಪ್ಪು, ಹುರುಳಿ, ನಿಂಬೆಗಳ ವಿಷಯದಲ್ಲಿ ಆ ಗಾದೆಯನ್ನು ಸುಳ್ಳು ಮಾಡುವುದು ರೈತ ಕುಟುಂಬದ ಕೈಯಲ್ಲೇ ಇದೆ. ವಿಸ್ತರಣಾ ಕಾರ್ಯಕರ್ತರು ಊರಿನ ಸಭೆಗಳಲ್ಲಿ ಎಕರೆಗೆ ಎಷ್ಟು ಇಳುವರಿ ಎಂದು ಕೇಳುವುದರ ಜೊತೆಗೆ, ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು, ಅವರ ತಟ್ಟೆಗೆ ಸೊಪ್ಪು ಉಳಿಯುತ್ತದೆಯೇ ಎಂದೂ ಕೇಳಬೇಕು. ನಸುಕಿನಲ್ಲಿ ಕಂತೆ ಹೊರುವ ಆ ಗೃಹಿಣಿ ಬೆಳಿಗ್ಗೆ ಏಳಲಾರದೆ ಹೋದರೆ ಅವಳಿಗೆ ಬೇಕಾದದ್ದು ಬೈಗುಳವಲ್ಲ. ಬೇಕಾದದ್ದು ತಟ್ಟೆಯಲ್ಲಿ ಅವಳ ಪಾಲಿನ ಸೊಪ್ಪು, ಕಣ್ತುಂಬ ನಿದ್ರೆ, ಒಂದು ಸಲ ರಕ್ತ ಪರೀಕ್ಷೆ.