ಒಕ್ಕಲು ಕುಟುಂಬಕ್ಕೆ ಹಣದ ಉಳಿತಾಯ ಮತ್ತು ಮನಸ್ಸಿನ ನೆಮ್ಮದಿ

ಬೆಳೆಯ ಇಳುವರಿಯನ್ನು ಹೆಚ್ಚಿಸುವ ಬಗ್ಗೆ ರೈತರಿಗೆ ಹಲವು ಸಲಹೆಗಳು ದೊರೆಯುತ್ತವೆ. ಸುಧಾರಿತ ತಳಿ, ಗೊಬ್ಬರ, ಸಸ್ಯ ಸಂರಕ್ಷಣೆ ಎಲ್ಲವೂ ಅಗತ್ಯವೇ. ಆದರೆ ಹೊಲದಿಂದ ಬಂದ ಹಣ ಮನೆಯ ಹೊಸಿಲು ದಾಟಿದ ಮೇಲೆ ಏನಾಗುತ್ತದೆ ಎಂದು ಯೋಚಿಸುವವರು ಕಡಿಮೆ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ತುಂಬಿದರೂ ನಿಲ್ಲುವುದಿಲ್ಲ. ಮನೆಯ ಖರ್ಚಿನ ಮಾತೂ ಹಾಗೆಯೇ.

ತುಮಕೂರು, ಕೋಲಾರ, ಹಾಸನ, ಮಂಡ್ಯ ಮುಂತಾದ ರಾಗಿ ಸೀಮೆಯ ಜಿಲ್ಲೆಗಳಲ್ಲಿ ಸಣ್ಣ ಹಿಡುವಳಿಯ ಕುಟುಂಬಗಳು ಹೊಲ, ಹಸು, ಮನೆ ಈ ಮೂರನ್ನೂ ಒಟ್ಟಿಗೆ ನಡೆಸುತ್ತವೆ. ಗಂಡ ಹೆಂಡತಿ ಇಬ್ಬರಿಗೂ ಬಿಡುವಿಲ್ಲ. ಇಂಥ ಮನೆಯಲ್ಲಿ ಹಣದ ಸೋರಿಕೆ, ಮೈ ದಣಿವು, ಮನಸ್ಸಿನ ಚಿಂತೆ ಬೇರೆ ಬೇರೆಯಾಗಿ ಬರುವುದಿಲ್ಲ. ಲೆಕ್ಕವಿಲ್ಲದ ಖರ್ಚಿನಿಂದ ಸಾಲ, ಸಾಲದಿಂದ ಚಿಂತೆ, ಚಿಂತೆಯಿಂದ ನಿದ್ದೆಗೇಡು, ನಿದ್ದೆಗೆಟ್ಟ ಮೈಯಿಂದ ಅರ್ಧ ಕೆಲಸ. ಆದ್ದರಿಂದ ಹಣವನ್ನು ಉಳಿಸುವ ಕ್ರಮಗಳನ್ನೂ ದಣಿವನ್ನು ತಗ್ಗಿಸುವ ಕ್ರಮಗಳನ್ನೂ ಒಟ್ಟಿಗೆ ಕೈಗೊಳ್ಳುವುದು ಲೇಸು.

ಮೊದಲು ಲೆಕ್ಕದ ಪುಸ್ತಕ

ಇದಕ್ಕೆ ಬೇಕಾದುದು ಮಕ್ಕಳು ಬಳಸುವಂಥ ಒಂದು ನೋಟುಬುಕ್ಕು ಮಾತ್ರ. ಪ್ರತಿ ಪುಟದಲ್ಲೂ ತಾರೀಖು, ವಿವರ, ಬಂದದ್ದು, ಹೋದದ್ದು, ಉಳಿದದ್ದು ಎಂದು ಐದು ಕಲಂ ಹಾಕಬೇಕು. ಬೇಸಾಯದ ಲೆಕ್ಕಕ್ಕೆ ಪುಸ್ತಕದ ಮೊದಲ ಭಾಗ, ಮನೆಯ ಲೆಕ್ಕಕ್ಕೆ ಕೊನೆಯ ಭಾಗ ಇರಲಿ. ಇವೆರಡನ್ನೂ ಬೆರೆಸಿದರೆ ಬೆಳೆಯಿಂದ ಲಾಭವಾಯಿತೋ ನಷ್ಟವಾಯಿತೋ ತಿಳಿಯುವುದಿಲ್ಲ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕುಳಿತು ಅಂದಿನದನ್ನು ಅಂದೇ ಬರೆಯಬೇಕು. ಓದು ಬಲ್ಲ ಮಗ ಅಥವಾ ಮಗಳು ಬರೆದರೆ ಅವರಿಗೂ ಮನೆಯ ಸ್ಥಿತಿ ತಿಳಿದಂತಾಗುತ್ತದೆ.

ಮೂರು ತಿಂಗಳು ಹೀಗೆ ಬರೆದರೆ ಸಣ್ಣ ಖರ್ಚುಗಳು ಕಣ್ಣಿಗೆ ಬೀಳುತ್ತವೆ. ಉದಾಹರಣೆಗೆ, ಬೀಡಿ, ಎಲೆ ಅಡಿಕೆ, ಹೋಟೆಲಿನ ಟೀ ಎಂದು ದಿನಕ್ಕೆ ರೂ. 20 ಹೋದರೆ ವರ್ಷಕ್ಕೆ ರೂ. 7,300 ಆಗುತ್ತದೆ. ಒಂದೇ ಸಲ ಅಷ್ಟು ಹಣ ಕೊಡೆಂದರೆ ಯಾರೂ ಕೊಡುವುದಿಲ್ಲ. ದಿನದಿನಕ್ಕೆ ಕೊಟ್ಟದ್ದು ಗೊತ್ತಾಗುವುದಿಲ್ಲ. ಲೆಕ್ಕ ಬರೆಯುವುದು ಯಾರನ್ನೂ ದೂರುವುದಕ್ಕಲ್ಲ. ಗಂಡನಾಗಲಿ ಹೆಂಡತಿಯಾಗಲಿ ಪುಸ್ತಕವನ್ನು ಜಗಳಕ್ಕೆ ಉಪಯೋಗಿಸಿದರೆ ಮರುದಿನದಿಂದ ಅದರಲ್ಲಿ ಸುಳ್ಳು ಲೆಕ್ಕ ಬರುತ್ತದೆ.

ತಿಳಿದು ಬರುವ ಖರ್ಚು

ಮನೆಯ ಖರ್ಚಿನಲ್ಲಿ ಎರಡು ಬಗೆ. ಕಾಯಿಲೆ, ಅಪಘಾತ, ಹಸು ಸಾಯುವುದು ಇವು ತಿಳಿಯದೆ ಬರುವ ಖರ್ಚು. ಜೂನ್ ತಿಂಗಳಿನ ಬೀಜ ಗೊಬ್ಬರ, ಮಕ್ಕಳ ಶಾಲೆಯ ಪುಸ್ತಕ ಬಟ್ಟೆ, ಗೌರಿ ಗಣೇಶನ ಹಬ್ಬ, ದೀಪಾವಳಿ, ಊರ ಜಾತ್ರೆ ಇವು ತಿಳಿದು ಬರುವ ಖರ್ಚು. ಎರಡನೆಯ ಬಗೆಯ ಖರ್ಚು ಪ್ರತಿ ವರ್ಷವೂ ಅದೇ ತಿಂಗಳಲ್ಲಿ ಬರುತ್ತದೆ. ಆದರೂ ಬಹುಪಾಲು ಮನೆಗಳಲ್ಲಿ ಇದಕ್ಕೆ ಸಾಲ ಮಾಡುವುದುಂಟು.

ಜೂನ್ ತಿಂಗಳಿನ ಖರ್ಚಿಗೆ ರೂ. 12,000 ಬೇಕೆಂದು ಇಟ್ಟುಕೊಳ್ಳೋಣ. ಖಾಸಗಿಯಾಗಿ ತಿಂಗಳಿಗೆ ನೂರಕ್ಕೆ ಮೂರರಂತೆ ಸಾಲ ತಂದು, ರಾಗಿ ಮಾರಿದ ಮೇಲೆ ಏಳು ತಿಂಗಳಿಗೆ ತೀರಿಸಿದರೆ ಬಡ್ಡಿಯೇ ರೂ. 2,520 ಆಗುತ್ತದೆ. ನೂರಕ್ಕೆ ಮೂರು ಎಂಬುದು ಕೇಳಲು ಸಣ್ಣದು. ವರ್ಷಕ್ಕೆ ಅದು ಶೇಕಡ 36. ಇದರ ಬದಲು, ಅಕ್ಟೋಬರ್‌ನಿಂದ ಮೇ ವರೆಗೆ ಹದಿನೈದು ದಿನಕ್ಕೊಮ್ಮೆ ಡೈರಿಯ ಬಟವಾಡೆ ಬಂದಾಗ ರೂ. 750 ಎತ್ತಿಟ್ಟರೆ ಎಂಟು ತಿಂಗಳಲ್ಲಿ ಅದೇ ರೂ. 12,000 ಕೈಯಲ್ಲಿರುತ್ತದೆ. ಎತ್ತಿಟ್ಟ ಹಣವನ್ನು ಮನೆಯ ಡಬ್ಬಿಯಲ್ಲಿ ಇಡದೆ ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಖಾತೆಗೆ ಕಟ್ಟಬೇಕು. ಕೈಗೆ ಸಿಗುವ ಹಣ ನಿಲ್ಲುವುದಿಲ್ಲ.

ಸಾಲ ಮಾಡಲೇಬೇಕಾದಾಗ ಮೊದಲು ಸಹಕಾರ ಸಂಘ ಅಥವಾ ಬ್ಯಾಂಕನ್ನು ವಿಚಾರಿಸಬೇಕು. ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ 1998ರಿಂದ ಜಾರಿಯಲ್ಲಿದೆ. ಬೆಳೆ ಸಾಲವನ್ನು ಅವಧಿಯೊಳಗೆ ತೀರಿಸಿದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಉಂಟು. ಮನೆಯ ಸಣ್ಣ ಅಗತ್ಯಗಳಿಗೆ ಮಹಿಳೆಯರ ಸ್ವಸಹಾಯ ಸಂಘ ಅನುಕೂಲ. ನಬಾರ್ಡ್ 1992ರಲ್ಲಿ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಒಂದು ಕಡೆಯ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತರುವುದನ್ನು ಮಾತ್ರ ಎಂದಿಗೂ ಮಾಡಬಾರದು. ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಕಿರುಕುಳವಾದರೆ ಹೆದರಿ ಸುಮ್ಮನಿರದೆ ಪೊಲೀಸ್ ಠಾಣೆಗೆ ದೂರು ಕೊಡಬೇಕು.

ಮದುವೆಯ ಖರ್ಚು ಹಲವು ಮನೆಗಳನ್ನು ವರ್ಷಗಟ್ಟಲೆ ಸಾಲದಲ್ಲಿ ಇಡುತ್ತದೆ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹ ಪದ್ಧತಿಯನ್ನು ತೋರಿಸಿಕೊಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮದುವೆಯ ಚಪ್ಪರಕ್ಕೆ ಒಪ್ಪುವಷ್ಟು ಬೇರೆಲ್ಲಿಗೂ ಒಪ್ಪುವುದಿಲ್ಲ.

ಒಲೆಯಲ್ಲಿ ಉಳಿತಾಯ

ಈಗ ಅನೇಕ ಹಳ್ಳಿಯ ಮನೆಗಳಲ್ಲಿ ಗ್ಯಾಸ್ ಇದೆ. ಆದರೂ ಸ್ನಾನದ ನೀರಿಗೆ, ಮುದ್ದೆಗೆ, ಹಸುವಿನ ಬೂಸಾ ಬೇಯಿಸಲು ಸೌದೆಯ ಒಲೆಯೂ ಉರಿಯುತ್ತಿರುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಭಾಗ ಪಾತ್ರೆಗೆ ತಾಗದೆ ಗಾಳಿಗೆ ಹೋಗುತ್ತದೆ. ಹೊಗೆಯಿಂದ ಕಣ್ಣು, ಶ್ವಾಸಕೋಶ ಕೆಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆ ಕೊಳವೆಯುಳ್ಳ ‘ಅಸ್ತ್ರ ಒಲೆ’ಯನ್ನು ರೂಪಿಸಿದುದು ಈ ತೊಂದರೆಯನ್ನು ತಪ್ಪಿಸುವುದಕ್ಕೇ. ಸೌದೆ ಉರಿಸುವ ಮನೆಗಳಲ್ಲಿ ಹೊಗೆ ಕೊಳವೆಯುಳ್ಳ ಒಲೆ ಇರಲೇಬೇಕು. ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯಬೇಕು.

ಇನ್ನು ಕೆಲವು ಕ್ರಮಗಳು:

1. ಹುರುಳಿ, ಅಲಸಂದೆ, ಒಣ ಅವರೆ, ಕಡಲೆಗಳನ್ನು ರಾತ್ರಿಯೇ ನೆನೆಹಾಕಬೇಕು. ನೆನೆದ ಕಾಳು ಬೇಗ ಬೇಯುತ್ತದೆ.

2. ಪಾತ್ರೆಗೆ ಮುಚ್ಚಳ ಮುಚ್ಚಿಯೇ ಬೇಯಿಸಬೇಕು. ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಬೇಕು. ಹೆಚ್ಚು ಉರಿಯಿಂದ ನೀರು ಆವಿಯಾಗುತ್ತದೆಯೇ ಹೊರತು ಅಡಿಗೆ ಬೇಗ ಆಗುವುದಿಲ್ಲ.

3. ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿಗಳನ್ನು ಬೇರೆ ಬೇರೆ ಬಟ್ಟಲಲ್ಲಿ ಒಂದೇ ಸಲ ಇಡಬೇಕು.

4. ಸ್ನಾನದ ಹಂಡೆಗೆ ಮುಚ್ಚಳ ಇರಲಿ. ಬೇಸಿಗೆಯಲ್ಲಿ ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿ ಬೆಳಿಗ್ಗೆಯೇ ಬಿಸಿಲಿಗೆ ಇಟ್ಟರೆ ಸಂಜೆಯ ಸ್ನಾನಕ್ಕೆ ಸೌದೆ ಬೇಕಾಗುವುದಿಲ್ಲ.

ಹುಲ್ಲು ಪೆಟ್ಟಿಗೆ

ಬೆಳಿಗ್ಗೆ ಹೊಲಕ್ಕೆ ಹೋಗಿ ಮಧ್ಯಾಹ್ನ ಬರುವ ಮನೆಯವರಿಗೆ ಹುಲ್ಲು ಪೆಟ್ಟಿಗೆ ಬಹಳ ಉಪಯುಕ್ತ. ಇದಕ್ಕೆ ಕಾಸಿನ ಖರ್ಚಿಲ್ಲ. ಅಡಿಗೆಯ ಪಾತ್ರೆಗಿಂತ ಎಲ್ಲ ಕಡೆಯೂ ನಾಲ್ಕೈದು ಅಂಗುಲ ದೊಡ್ಡದಾದ ಮರದ ಪೆಟ್ಟಿಗೆ ಅಥವಾ ಬಿದಿರಿನ ಕುಕ್ಕೆಯನ್ನು ತೆಗೆದುಕೊಳ್ಳಬೇಕು. ತಳಕ್ಕೆ ಚೆನ್ನಾಗಿ ಒಣಗಿದ ಭತ್ತದ ಹುಲ್ಲನ್ನು ನಾಲ್ಕು ಅಂಗುಲ ದಪ್ಪ ಒತ್ತಿ ಹರಡಬೇಕು. ನಡುವೆ ಪಾತ್ರೆಯನ್ನಿಟ್ಟು ಸುತ್ತಲೂ ಹುಲ್ಲನ್ನು ಬಿಗಿಯಾಗಿ ತುಂಬಿದರೆ ಪಾತ್ರೆ ಕೂರುವ ಗೂಡು ಸಿದ್ಧವಾಗುತ್ತದೆ. ಮೇಲೆ ಮುಚ್ಚಲು ಹಳೆಯ ಗೋಣಿಚೀಲದಲ್ಲಿ ಹುಲ್ಲು ತುಂಬಿ ದಿಂಬು ಮಾಡಿಕೊಳ್ಳಬೇಕು.

ಅಕ್ಕಿಗೆ ತಕ್ಕಷ್ಟು ನೀರು ಹಾಕಿ ಒಲೆಯ ಮೇಲೆ ಐದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಳ ಹಾಕಿ, ಕೂಡಲೇ ಪೆಟ್ಟಿಗೆಯಲ್ಲಿಟ್ಟು ದಿಂಬು ಮುಚ್ಚಬೇಕು. ಸುಮಾರು ಒಂದು ಗಂಟೆಯಲ್ಲಿ ಅನ್ನವಾಗುತ್ತದೆ. ತಳ ಹತ್ತುವುದಿಲ್ಲ, ಉಕ್ಕುವುದಿಲ್ಲ, ಕಾಯುತ್ತ ಕೂರಬೇಕಾಗಿಲ್ಲ. ನೆನೆಸಿದ ಬೇಳೆಯನ್ನು ಹದಿನೈದು ನಿಮಿಷ ಕುದಿಸಿ ಇಟ್ಟರೆ ಎರಡು ಮೂರು ಗಂಟೆಯಲ್ಲಿ ಬೇಯುತ್ತದೆ. ಪಾತ್ರೆ ಬಹುಮಟ್ಟಿಗೆ ತುಂಬಿರಬೇಕು. ಸ್ವಲ್ಪವೇ ಅಡಿಗೆ ಇದ್ದರೆ ಬೇಗ ಆರುತ್ತದೆ. ನಡುವೆ ತೆಗೆದು ನೋಡಬಾರದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು; ಬೇಳೆಯ ಅಡಿಗೆಯನ್ನು ಉಣ್ಣುವ ಮುಂಚೆ ಒಮ್ಮೆ ಕುದಿಸಬೇಕು. ಒದ್ದೆಯಾದ ಹುಲ್ಲನ್ನು ತೆಗೆದು ಬೇರೆ ತುಂಬಬೇಕು.

ಕೈತೋಟ ಮತ್ತು ಕಾಳಿನ ಸಂಗ್ರಹಣೆ

ಸಂತೆಯಲ್ಲಿ ತರಕಾರಿ ಕೊಳ್ಳುವ ರೈತ ಎರಡು ಬಾರಿ ಸೋಲುತ್ತಾನೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಪರಂಗಿ. ಬೇಲಿಯ ಮೂಲೆಗೆ ನುಗ್ಗೆ, ಕರಿಬೇವು. ಚಪ್ಪರಕ್ಕೆ ಹೀರೆ, ಸೋರೆ, ಪಡವಲ ಹಾಕಬಹುದು. ದಂಟು, ಮೆಂತ್ಯ ಸೊಪ್ಪನ್ನು ಒಂದೇ ಸಲ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಸದಾ ಸೊಪ್ಪು ಸಿಗುತ್ತದೆ. ಸೋಪಿನ ನೀರನ್ನು ಸೊಪ್ಪಿನ ಮಡಿಗೆ ಬಿಡಬಾರದು.

ಸುಗ್ಗಿಯಲ್ಲಿ ಕಡಿಮೆ ಬೆಲೆಗೆ ಕಾಳು ಮಾರಿ ಮಳೆಗಾಲದಲ್ಲಿ ಹೆಚ್ಚು ಬೆಲೆಗೆ ಕೊಳ್ಳುವುದೂ ಇಂಥದ್ದೇ ನಷ್ಟ. ವರ್ಷಕ್ಕೆ ಬೇಕಾದ ಅವರೆ, ತೊಗರಿ, ಹುರುಳಿಯನ್ನು ಹಲ್ಲಿಗೆ ಇಟ್ಟರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಆರಿಸಿ, ಕಿಲೋಗ್ರಾಂ ಒಂದಕ್ಕೆ 5 ಮಿಲಿಲೀಟರಿನಂತೆ ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಸವರಿ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿದರೆ ಹುಳು ಬೀಳುವುದು ಕಡಿಮೆಯಾಗುತ್ತದೆ. ಕಾಳಿಗೆಂದು ವಿಷದ ಮಾತ್ರೆಗಳನ್ನು ವಾಸದ ಮನೆಯಲ್ಲಿ ಬಳಸಲೇಬಾರದು. ಅದರಿಂದ ಹೊರಡುವ ಅನಿಲ ಪ್ರಾಣಕ್ಕೆ ಅಪಾಯ.

ದಣಿವಿನ ಲೆಕ್ಕ

ಹಣದ ಲೆಕ್ಕ ಬರೆದ ಮನೆಯವರು ಒಂದು ದಿನ ಕೆಲಸದ ಲೆಕ್ಕವನ್ನೂ ಬರೆದು ನೋಡಬೇಕು. ನೂರು ಮೀಟರು ದೂರದ ನಲ್ಲಿಯಿಂದ ದಿನಕ್ಕೆ ಹತ್ತು ಕೊಡ ನೀರು ತರುವ ಹೆಂಗಸು ಎರಡು ಕಿಲೋಮೀಟರು ನಡೆಯುತ್ತಾಳೆ. ಅದರಲ್ಲಿ ಅರ್ಧ ದೂರ ಸೊಂಟದಲ್ಲಿ ಹದಿನೈದು ಕಿಲೋ ಭಾರ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗಿದರೆ ಹದಿನೇಳು ಗಂಟೆ ಕಾಲಿನ ಮೇಲೆ ಇದ್ದಂತೆ. ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನಿಗೆ ಬಿಡುವು ಎಂದು ನೇಗಿಲು ಹೂಡದಿರುವ ಪದ್ಧತಿ ಉಂಟು. ಎತ್ತಿಗೆ ವಾರಕ್ಕೊಂದು ದಿನ ಬಿಡುವು ಕೊಟ್ಟ ಹಿರಿಯರ ಪದ್ಧತಿ ಒಳ್ಳೆಯದು. ಆದರೆ ಆ ಸೋಮವಾರವೂ ಮನೆಯೊಡತಿಗೆ ಬಿಡುವಿಲ್ಲ.

ಇದನ್ನು ಸರಿಪಡಿಸಲು ಹಣ ಬೇಕಾಗಿಲ್ಲ. ನೀರು ತರುವುದು, ಕೊಟ್ಟಿಗೆಯ ಸಗಣಿ ಬಾಚುವುದು, ಮೇವು ಕತ್ತರಿಸುವುದು ಗಂಡಸರಿಗೂ ಗಂಡುಮಕ್ಕಳಿಗೂ ಆಗುವ ಕೆಲಸಗಳೇ. ಸೋಮವಾರ ಸಂಜೆಯ ಅಡಿಗೆಯ ಭಾರ ಮನೆಯವರೆಲ್ಲ ಹಂಚಿಕೊಳ್ಳಬಹುದು. ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ಕಾಲು ನೀಡಿ ಮಲಗುವುದನ್ನು ಸೋಮಾರಿತನವೆಂದು ಎಣಿಸಬಾರದು. ಬಗ್ಗಿ ಕಳೆ ಕೀಳುವ ಬದಲು ನಿಂತು ನಡೆಸುವ ಸೈಕಲ್ ಕುಂಟೆ, ಹಲ್ಲಿರುವ ಕುಡುಗೋಲುಗಳನ್ನು ಬಳಸಿದರೆ ಬೆನ್ನು ನೋವು ಕಡಿಮೆಯಾಗುತ್ತದೆ. ಒಲೆ ಸೊಂಟದ ಎತ್ತರಕ್ಕೆ ಇದ್ದರೆ ನಿಂತೇ ಅಡಿಗೆ ಮಾಡಬಹುದು.

ಮನಸ್ಸಿನ ಭಾರ

ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ ಎನ್ನುತ್ತಾರೆ. ಸಾಲವನ್ನು ಮನೆಯವರಿಂದ ಮುಚ್ಚಿಡುವ ಯಜಮಾನ ಒಬ್ಬನೇ ಆ ಭಾರವನ್ನು ಹೊರುತ್ತಾನೆ. ಯಾರಿಗೆ ಎಷ್ಟು, ಯಾವ ಬಡ್ಡಿಗೆ, ಯಾವಾಗ ತೀರಿಸಬೇಕು ಎಂಬುದನ್ನು ಲೆಕ್ಕದ ಪುಸ್ತಕದ ಒಂದು ಪುಟದಲ್ಲಿ ಬರೆದು ಹೆಂಡತಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ತಿಳಿಸಬೇಕು. ಬರೆದ ಸಾಲ ಕಡಿಮೆಯಾಗುವುದಿಲ್ಲ, ನಿಜ. ಆದರೆ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ದಾರಿ ಆಗ ಮಾತ್ರ ಕಾಣುತ್ತದೆ. ದುಃಖ ಮರೆಯಲು ಕುಡಿಯುವುದರಿಂದ ಸಾಲವೂ ದುಃಖವೂ ಎರಡೂ ಬೆಳೆಯುತ್ತವೆ. ಸಂಜೆ ಫೋನನ್ನು ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕುಳಿತು ಮಾತನಾಡುವುದು, ಭಜನೆ, ದಿನಕ್ಕೆ ಏಳು ಗಂಟೆಯ ನಿದ್ದೆ ಇವು ಖರ್ಚಿಲ್ಲದ ಔಷಧಿಗಳು.

ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರೊಡನೆಯೂ ಮಾತನಾಡದಿರುವುದು, ಬದುಕೇ ಬೇಡವೆನ್ನುವುದು ಇವು ಕಂಡುಬಂದರೆ ಮನೆಯವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಂಥವರನ್ನು ಒಂಟಿಯಾಗಿ ಬಿಡಬಾರದು. ಕೀಟನಾಶಕದ ಡಬ್ಬಿಗಳನ್ನು ಸದಾ ಬೀಗ ಹಾಕಿ, ಬೀಗದ ಕೈಯನ್ನು ಬೇರೆಯವರ ಬಳಿ ಇಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಔಷಧಿ ತೆಗೆದುಕೊಳ್ಳುವುದರಲ್ಲಿ ನಾಚಿಕೆ ಇಲ್ಲದಿರುವಾಗ ಇದರಲ್ಲೂ ಇರಬೇಕಾಗಿಲ್ಲ.

ವಿಸ್ತರಣಾ ಕಾರ್ಯಕರ್ತರು ಸಂಘದ ಸಭೆಗಳಲ್ಲಿ ಹುಲ್ಲು ಪೆಟ್ಟಿಗೆಯನ್ನು ಮಾಡಿ ತೋರಿಸಿ, ಅದರಲ್ಲಿ ಬೆಂದ ಅನ್ನವನ್ನು ಬಡಿಸಬೇಕು. ಬಾಯಿ ಮಾತಿಗಿಂತ ಅದು ಹೆಚ್ಚು ಪರಿಣಾಮಕಾರಿ. ಲೆಕ್ಕದ ಪುಸ್ತಕಕ್ಕೂ ಒಂದು ಪುಟವನ್ನು ತುಂಬಿ ಮಾದರಿ ತೋರಿಸಬೇಕು. ಸಭೆಗೆ ಹೆಂಗಸರೊಡನೆ ಗಂಡಸರನ್ನೂ ಕರೆಯುವುದನ್ನು ಮರೆಯಬಾರದು.

ಈ ಎಲ್ಲವನ್ನೂ ಒಂದೇ ದಿನ ಆರಂಭಿಸಬೇಕಾಗಿಲ್ಲ. ಈ ವಾರ ಲೆಕ್ಕದ ಪುಸ್ತಕ, ಮುಂದಿನ ವಾರ ಹುಲ್ಲು ಪೆಟ್ಟಿಗೆ, ಬರುವ ಬಟವಾಡೆಯಿಂದ ಉಳಿತಾಯ, ಹೀಗೆ ಒಂದೊಂದಾಗಿ ಕೈಗೊಂಡರೆ ಸಾಕು. ಮುಂದಿನ ಮುಂಗಾರಿಗೆ ಬೀಜಕ್ಕೆಂದು ಯಾರ ಮನೆಯ ಬಾಗಿಲಿಗೂ ಹೋಗಬೇಕಾಗದಿದ್ದರೆ, ಆ ರಾತ್ರಿಯ ನಿದ್ದೆಯೇ ಅದರ ಮೊದಲ ಲಾಭ.