ಕಡ್ಡಿಯ ಗೋಪುರ



ಕಳೆದ ಮಳೆಗಾಲದಲ್ಲಿ ಒಂದು ದಿನ ಲೋಕಲ್ ಗಾಡಿಗಳು ನಿಂತುಹೋದ ಕಾರಣ ಒಂಬತ್ತನೆಯ ತರಗತಿಗೆ ಹನ್ನೆರಡು ಮಂದಿ ಮಾತ್ರ ಬಂದಿದ್ದರು. ಪಾಠವನ್ನು ಮುಂದುವರಿಸುವಂತಿರಲಿಲ್ಲ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕುಳ್ಳಿರಿಸಿ, ಒಬ್ಬರಿಗೆ ಒಂದು ಚಿತ್ರವನ್ನೂ ಮತ್ತೊಬ್ಬರಿಗೆ ಬರಿಯ ಹಾಳೆಯನ್ನೂ ಕೊಟ್ಟೆನು. ಚಿತ್ರವುಳ್ಳವರು ಅದನ್ನು ಮಾತಿನಲ್ಲಿ ವರ್ಣಿಸಬೇಕು; ಹಾಳೆಯುಳ್ಳವರು ಕೇಳಿದಂತೆ ಬರೆಯಬೇಕು; ಪ್ರಶ್ನೆ ಕೇಳಕೂಡದು. ಚಿತ್ರವೇನೂ ಕಠಿಣವಾದುದಲ್ಲ: ಒಂದು ಚೌಕ, ಅದರ ನೆತ್ತಿಗೆ ತಾಗಿದಂತೆ ಒಂದು ವೃತ್ತ, ಪಕ್ಕದಲ್ಲಿ ಒಂದು ತ್ರಿಕೋನ. "ಚೌಕದ ಮೇಲೆ ವೃತ್ತ" ಎಂದು ಎಲ್ಲರೂ ಹೇಳಿದರು. ಆದರೆ ಒಬ್ಬನು ವೃತ್ತವನ್ನು ಚೌಕದ ಒಳಗೇ ಬರೆದಿದ್ದನು. ಇನ್ನೊಬ್ಬಳು ಅದನ್ನು ಎರಡಂಗುಲ ಎತ್ತರದಲ್ಲಿ ತೇಲಬಿಟ್ಟಿದ್ದಳು. ಹಾಳೆಯ ಮೇಲಿನ ಮಸಿಯೂ "ಮೇಲೆ", ಮೇಜಿನ ಮೇಲಿನ ಪುಸ್ತಕವೂ "ಮೇಲೆ", ತಲೆಯ ಮೇಲಿನ ಚಂದ್ರನೂ "ಮೇಲೆ"! ನಮ್ಮ ನುಡಿಯ ಈ ಸೊಗಸು ಅಂದು ನಮಗೇ ತೊಡಕಾಯಿತು.

ಎರಡನೆಯ ಸಲ ಪ್ರಶ್ನೆ ಕೇಳಲು ಅನುಮತಿ ಕೊಟ್ಟೆನು. ಗದ್ದಲವೂ ಹೆಚ್ಚಿತು, ಕಾಲವೂ ಹೆಚ್ಚು ಹಿಡಿಯಿತು. ಚಿತ್ರಗಳು ಮಾತ್ರ ಬಹುಮಟ್ಟಿಗೆ ಸರಿಯಾದವು. ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ಲೆವಿಟ್ ಮತ್ತು ಮ್ಯುಲರ್ ಎಂಬ ವಿದ್ವಾಂಸರು ಆಯತಾಕೃತಿಗಳ ಜೋಡಣೆಯನ್ನು ಬಾಯಿಮಾತಿನಲ್ಲಿ ವಿವರಿಸಿ ಬರೆಸಿ ನೋಡಿ, ಇದೇ ಫಲವನ್ನು 1951ರಲ್ಲಿ ಪ್ರಕಟಿಸಿದರು. ಮರುಪ್ರಶ್ನೆಗೆ ಎಡೆಯಿದ್ದರೆ ಕಾಲ ಹೆಚ್ಚು, ತಪ್ಪು ಕಡಿಮೆ.

"ಅಷ್ಟು ಕಾಲವನ್ನು ಕಳೆಯುವುದೇಕೆ, ಸಾರ್?" ಎಂದು ಒಬ್ಬ ಹುಡುಗನು ಕೇಳಿದನು. ಅವನಿಗೆ ನಾನು ಹೇಳಿದ ಕಥೆಯನ್ನು ನಿಮಗೂ ಹೇಳುತ್ತೇನೆ.

ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಮಂಗಳಗ್ರಹವನ್ನು ಸುತ್ತಲೆಂದು ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳುಹಿಸಿತು. ದಾರಿಯಲ್ಲಿ ನೌಕೆಯ ಪುಟ್ಟ ಯಂತ್ರಗಳನ್ನು ಆಗಾಗ ಉರಿಸಬೇಕಾಗುತ್ತಿತ್ತು. ಆ ಒಂದೊಂದು ನೂಕಿನ ಪರಿಣಾಮವನ್ನು ಒಂದು ತಂಡದವರ ಗಣಕವು ಪೌಂಡಿನ ಮಾನದಲ್ಲಿ ಲೆಕ್ಕ ಹಾಕಿ ಕೊಡುತ್ತಿತ್ತು. ಮಾರ್ಗವನ್ನು ನಿರ್ಣಯಿಸುವ ತಂಡದವರು ಅದೇ ಅಂಕೆಗಳನ್ನು ನ್ಯೂಟನ್ನಿನ ಮಾನವೆಂದು ತಿಳಿದು ಬಳಸುತ್ತಿದ್ದರು. ಒಂದು ಪೌಂಡು ಬಲವೆಂದರೆ ಸುಮಾರು 4.45 ನ್ಯೂಟನ್ ಎಂಬುದನ್ನು ನೀವು ಭೌತಶಾಸ್ತ್ರದಲ್ಲಿ ಕಲಿಯುವಿರಿ. ಒಂದೊಂದು ಸಲದ ತಪ್ಪು ಸಣ್ಣದು. ತಿಂಗಳುಗಟ್ಟಲೆ ಅದು ಕೂಡುತ್ತ ಹೋಯಿತು. 1999ರ ಸೆಪ್ಟೆಂಬರ್ 23ರಂದು, ಗ್ರಹದಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾದುಹೋಗಬೇಕಾಗಿದ್ದ ನೌಕೆಯು ಸುಮಾರು 57 ಕಿಲೋಮೀಟರಿನಷ್ಟು ಕೆಳಗೆ ಇಳಿದು ಶಾಶ್ವತವಾಗಿ ಕಣ್ಮರೆಯಾಯಿತು. ಇದಕ್ಕಿಂತ ಮರುಕ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಲೆಕ್ಕ ತಾಳೆಯಾಗುತ್ತಿಲ್ಲವೆಂಬ ಶಂಕೆ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಆ ಶಂಕೆಯು ಕ್ರಮವಾಗಿ ಮುಟ್ಟಬೇಕಾದವರನ್ನು ಮುಟ್ಟಿ ಪರಿಹಾರವಾಗಲಿಲ್ಲ.

ಇಂದು ದೊಡ್ಡ ಸಂಸ್ಥೆಗಳು ತಮ್ಮ ನೌಕರರನ್ನು ಲೋಣಾವಳದಂತಹ ತಂಪು ಊರುಗಳಿಗೆ ಕರೆದೊಯ್ದು, ಹಣ ತೆತ್ತು ಇಂತಹ ಆಟಗಳನ್ನು ಆಡಿಸುವುದುಂಟು. (ಅಲ್ಲಿಯ ಊಟವೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದೆಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹೇಳಿದನು.) ಅವುಗಳಲ್ಲಿ ಗೋಪುರದ ಆಟವು ಪ್ರಸಿದ್ಧವಾದುದು. ಪೀಟರ್ ಸ್ಕಿಲ್ಮನ್ ಎಂಬವರು ಅದನ್ನು ರೂಪಿಸಿದರು. ಟಾಮ್ ವುಜೆಕ್ ಎಂಬವರು 2010ರ ಒಂದು ಭಾಷಣದಿಂದ ಅದಕ್ಕೆ ಪ್ರಚಾರ ತಂದರು. ನಾಲ್ವರ ಒಂದು ತಂಡ. ಅವರಿಗೆ ಸ್ಪಗೆಟಿ ಎಂಬ, ಒಣಗಿ ನೆಟ್ಟಗಾದ ಶಾವಿಗೆಯಂತಹ 20 ಕಡ್ಡಿಗಳು, ಒಂದು ಗಜ ಅಂಟುಪಟ್ಟಿ, ಒಂದು ಗಜ ದಾರ, ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಒಂದು ಮಿಠಾಯಿ. ಹದಿನೆಂಟು ನಿಮಿಷಗಳಲ್ಲಿ, ತಾನಾಗಿ ನಿಲ್ಲುವ ಗೋಪುರವನ್ನು ಕಟ್ಟಿ ಅದರ ತುದಿಯಲ್ಲಿ ಮಿಠಾಯಿಯನ್ನು ಇಡಬೇಕು.

ವ್ಯಾಪಾರಶಾಸ್ತ್ರದ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳು ಈ ಆಟದಲ್ಲಿ ಮೇಲುಗೈಯೆಂದರೆ ನೀವು ನಗಬಹುದು. ಪದವೀಧರರು ನಾಯಕನಾರೆಂದು ಚರ್ಚಿಸಿ, ನಕ್ಷೆ ಬರೆದು, ಕಟ್ಟಿ, ಕೊನೆಯ ಗಳಿಗೆಯಲ್ಲಿ ಮಿಠಾಯಿಯನ್ನು ಇಡುತ್ತಾರೆ. ಅದರ ಭಾರಕ್ಕೆ ಎಲ್ಲವೂ ಕುಸಿಯುತ್ತದೆ. ಮಕ್ಕಳಾದರೋ ಮೊದಲಿನಿಂದಲೇ ಮಿಠಾಯಿಯನ್ನು ಇಟ್ಟು ನೋಡುತ್ತಾರೆ, ಬಿದ್ದರೆ ಮತ್ತೆ ಕಟ್ಟುತ್ತಾರೆ. ಸಂಸ್ಥೆಗಳ ಮುಖ್ಯಾಧಿಕಾರಿಗಳ ತಂಡದಲ್ಲಿ ಅವರ ಆಪ್ತ ಸಹಾಯಕರೊಬ್ಬರನ್ನು ಸೇರಿಸಿದಾಗ ಗೋಪುರವು ಗಣನೀಯವಾಗಿ ಎತ್ತರವಾಯಿತಂತೆ. ಯಾರು ಏನು ಮಾಡುತ್ತಿದ್ದಾರೆ, ಕಾಲವೆಷ್ಟು ಉಳಿದಿದೆ ಎಂದು ನೋಡುವವರೊಬ್ಬರು ಬೇಕು, ನೋಡಿ. ಹತ್ತು ಸಾವಿರ ಡಾಲರುಗಳ ಬಹುಮಾನವನ್ನು ಸಾರಿದಾಗ ಹತ್ತು ತಂಡಗಳಲ್ಲಿ ಒಂದರ ಗೋಪುರವೂ ನಿಲ್ಲಲಿಲ್ಲ!

ನಾವು ಪೊರಕೆಯ ತೆಂಗಿನ ಕಡ್ಡಿಗಳನ್ನೂ ಒಂದು ಚಿಕ್ಕ ನಿಂಬೆಹಣ್ಣನ್ನೂ ಬಳಸಿದೆವು. ಮೂರು ತಂಡಗಳು. ಐದನೆಯ ನಿಮಿಷದಲ್ಲಿಯೇ ನಿಂಬೆಯನ್ನು ಏರಿಸಿ ನೋಡಿದ ತಂಡದ ಗೋಪುರವು ಮೊಳದುದ್ದವೂ ಇರಲಿಲ್ಲ, ಆದರೆ ನಿಂತಿತು. ಎಲ್ಲಕ್ಕಿಂತ ಚೆಲುವಾಗಿದ್ದುದು ಹದಿನೇಳನೆಯ ನಿಮಿಷದಲ್ಲಿ ಉರುಳಿತು. ಅದರ ಬುಡದ ಕಟ್ಟು ಸಡಿಲವಾಗಿದೆಯೆಂದು ಆ ತಂಡದ ಒಬ್ಬ ಹುಡುಗಿಗೆ ಮೊದಲೇ ತಿಳಿದಿತ್ತು. "ಹೇಳಿದೆ ಸಾರ್, ಮೆಲ್ಲಗೆ ಹೇಳಿದೆ" ಎಂದಳು. ಮರುವಾರ ಅದೇ ತಂಡಕ್ಕೆ ಅದೇ ಕಡ್ಡಿಗಳನ್ನು ಕೊಟ್ಟೆನು. ಈ ಸಲ ಅವರು ಕಡ್ಡಿಯನ್ನು ಮುಟ್ಟುವ ಮುನ್ನ ಅವಳ ಕಡೆಗೆ ತಿರುಗಿದರು.