ಮೊದಲ ಫ್ಯಾನ್ ಫಿಕ್ಷನ್ ಬರೆಯುವವರಿಗೆ

ಮೆಚ್ಚಿದ ಪುಸ್ತಕದ ಪಾತ್ರಗಳನ್ನು ಹಿಡಿದು ಸ್ವಂತ ಕಥೆ ಹೆಣೆಯಲು ಹೊರಟಿದ್ದೀರಾ? ಸಂತೋಷ. ಆದರೆ ಮೂಲ ಲೇಖಕರು ಬರೆದು ಮುಗಿಸಿದ ಯುದ್ಧವನ್ನೇ ಮತ್ತೆ ಬರೆಯಬೇಡಿ. ಅವರು ಬಿಟ್ಟ ಸಂದು ಹುಡುಕಿ. 2007ರಲ್ಲಿ ಬಂದ ಹ್ಯಾರಿ ಪಾಟರ್‌ ಸರಣಿಯ ಕೊನೆಯ ಪುಸ್ತಕವನ್ನೇ ನೋಡಿ. ಕಥೆ ಹ್ಯಾರಿಯ ಬೆನ್ನು ಹತ್ತಿ ಬಹುಪಾಲು ಹಾಗ್ವರ್ಟ್ಸ್ ಶಾಲೆಯ ಹೊರಗೇ ಅಲೆಯುತ್ತದೆ. ಆ ವರ್ಷ ಹಾಗ್ವರ್ಟ್ಸ್‌ನೊಳಗೆ ಶಿಕ್ಷಕರಾಗಿ ಬಂದ ಕ್ರೂರ ಕ್ಯಾರೋಗಳ ದಬ್ಬಾಳಿಕೆಗೆ ಹ್ಯಾರಿಯ ಸಹಪಾಠಿ ನೆವಿಲ್ ಹೇಗೆ ಎದುರು ನಿಂತ ಎಂಬುದು ನಮಗೆ ತಿಳಿಯುವುದು ಆಮೇಲೆ, ಅವನ ನಾಲ್ಕು ಮಾತಿನಲ್ಲಿ. ಅಲ್ಲಿ ಇಡೀ ಕಾದಂಬರಿಗೇ ಜಾಗವಿದೆ! ಆದರೆ ನೆವಿಲ್ ನೆವಿಲ್ಲೇ ಆಗಿರಬೇಕು. ಅಜ್ಜಿಯ ಗದರಿಕೆಯಲ್ಲಿ ಬೆಳೆದ, ಗಿಡಗಳ ನಡುವೆ ನಿರಾಳವಾಗುವ ಮರೆಗುಳಿ ಹುಡುಗ ಮೊದಲ ಪುಟದಲ್ಲೇ ಗರ್ಜಿಸತೊಡಗಿದರೆ ಯಾರೂ ನಂಬುವುದಿಲ್ಲ.

ಹೊಸ ಪಾತ್ರ ತರುವುದಾದರೆ ಸಕಲಕಲಾವಲ್ಲಭೆ ಬೇಡ. 1973ರಲ್ಲೇ ಪಾಲಾ ಸ್ಮಿತ್ ಎಂಬ ಲೇಖಕಿ, ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಅಭಿಮಾನಿಗಳ ಇಂಥ ಕಥೆಗಳನ್ನು ಅಣಕಿಸಲೆಂದೇ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂಳನ್ನು ಸೃಷ್ಟಿಸಿದ್ದರು. ನಿಮ್ಮ ನಾಯಕಿ ಸೋಲಲಿ, ಎಡವಲಿ, ಹ್ಯಾರಿಗೆ ಅವಳು ಇಷ್ಟವಾಗದೆಯೂ ಇರಲಿ.

ಮೊದಲ ಸಲಕ್ಕೆ ಒಂದೇ ರಾತ್ರಿಯ ಘಟನೆ ಸಾಕು. ಅದನ್ನು ಬರೆದು ಮುಗಿಸಿ; ನಲವತ್ತು ಅಧ್ಯಾಯದ ಸಾಹಸಕ್ಕೆ ಆಮೇಲೆ ಕೈಹಾಕಿ.